ಸಣ್ಣ ಸೆಬೆಂಜಾ 31: ಒಂದೂವರೆ ವರ್ಷ ಜೇಬಲ್ಲಿಟ್ಟು ದುಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್ ರೀವ್ ಕಂಪನಿಯ ಸಣ್ಣ ಸೆಬೆಂಜಾ 31 ಎಂಬ ಒಂದು ಮಡಚುವ ಚಾಕುವಿಗೆ 400 ಡಾಲರಿಗೂ ಸ್ವಲ್ಪ ಮೇಲೆ ಕೊಟ್ಟಿದ್ದೇನೆ, ಅದೂ ತೆರಿಗೆ ಬಿಟ್ಟು. ಕೊಳ್ಳುವ ಮುಂಚೆ ಎಂಟು ತಿಂಗಳು ಯೋಚನೆ ಮಾಡಿದ್ದೆ. ಅಷ್ಟು ದುಡ್ಡಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನೋದನ್ನ ಬರೆಯೋಣ ಅನ್ನಿಸಿತು. ಯಾಕೆಂದರೆ ಈ ಚಾಕುಗಳ ಬಗ್ಗೆ ಓದಲು ಸಿಗುವುದರಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆ ತೆರೆದ ದಿನದ ಮಾತು. ಆರು ತಿಂಗಳು ಕೆಲಸ ಮಾಡಿಸಿದ ಮೇಲೆ ಅದು ಹೇಗಿದೆ ಅಂತ ಹೇಳುವವರು ಕಡಿಮೆ.

ನಾನು ಇರುವುದು ಅಮೆರಿಕದ ಕೊಲರಾಡೋದಲ್ಲಿ, ಡೆನ್ವರ್ ಹತ್ತಿರ. ಡೇಟಾ ಸೆಂಟರ್‌ಗಳಲ್ಲಿ ರ್‍ಯಾಕ್ ಕೂರಿಸುವುದು, ಕೇಬಲ್ ಎಳೆಯುವುದು, ಸರ್ವರ್ ಏರಿಸುವುದು, ಇದು ಕೆಲಸ. ಕೇಳಿದರೆ ಕಂಪ್ಯೂಟರ್ ಕೆಲಸ ಅನ್ನಿಸುತ್ತದೆ, ಆದರೆ ಅರ್ಧ ದಿನ ಹೋಗುವುದು ರಟ್ಟಿನ ಪೆಟ್ಟಿಗೆ ಬಿಚ್ಚುವುದರಲ್ಲೇ. ಪ್ಯಾಲೆಟ್ ಸುತ್ತಿದ ಪ್ಲಾಸ್ಟಿಕ್, ಬಿಗಿದು ಕಟ್ಟಿದ ಪಟ್ಟಿ, ಒಳಗಿನ ಥರ್ಮಾಕೋಲ್, ಟೇಪಿನ ಮೇಲೆ ಟೇಪು. ದಿನಕ್ಕೆ ನಲವತ್ತು ಐವತ್ತು ಪೆಟ್ಟಿಗೆ ಸಾಮಾನ್ಯ. ರಟ್ಟು ನೋಡಲು ಮೆತ್ತಗೆ, ಆದರೆ ಅಲಗಿನ ಹರಿತವನ್ನು ಅದರಷ್ಟು ಬೇಗ ತಿಂದುಹಾಕುವ ವಸ್ತು ನನ್ನ ಕೆಲಸದಲ್ಲಿ ಬೇರೆ ಇಲ್ಲ.

ಚಾಕುವಿನ ಮೇಲಿನ ಪ್ರೀತಿ ಮಾತ್ರ ಇಲ್ಲಿ ಬಂದು ಹುಟ್ಟಿದ್ದಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಮನೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ಆ ಕತ್ತಿಯ ಅಲಗು ಪೇಟೆಯ ಕುಲುಮೆಯಲ್ಲಿ ಮಾಡಿಸಿದ್ದು, ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ. ಸುಲಿಯಲು ಕೂರುವ ಮೊದಲು ಪ್ರತಿಯೊಬ್ಬರೂ ತಮ್ಮ ಕತ್ತಿಯನ್ನು ತಾವೇ ಮಸೆದುಕೊಳ್ಳುತ್ತಿದ್ದರು. ಬೇರೆಯವರ ಕತ್ತಿ ಮುಟ್ಟಿದರೆ ದೊಡ್ಡಪ್ಪನಿಗೆ ಸಿಟ್ಟು ಬರುತ್ತಿತ್ತು. ಹರಿತ ಇರುವ ಕತ್ತಿ ಕೈ ಕುಯ್ಯುವುದಿಲ್ಲ, ಮೊಂಡು ಕತ್ತಿಯೇ ಜಾರಿ ಕುಯ್ಯುವುದು ಅಂತ ಅಜ್ಜಿ ಹೇಳುತ್ತಿದ್ದರು. ಡೇಟಾ ಸೆಂಟರ್‌ನಲ್ಲಿ ಹೊಸ ಹುಡುಗರಿಗೆ ನಾನೂ ಅದನ್ನೇ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ನಾನು ಕೊಂಡ ಮೊದಲ ಒಳ್ಳೇ ಚಾಕು ಸ್ಪೈಡರ್ಕೋ ಪ್ಯಾರಾ ಮಿಲಿಟರಿ 2. ಸ್ಪೈಡರ್ಕೋ ಕಂಪನಿ ಇರುವುದು ಗೋಲ್ಡನ್ ಎಂಬ ಊರಿನಲ್ಲಿ, ಡೆನ್ವರ್‌ನಿಂದ ಅರ್ಧ ಗಂಟೆಯ ದಾರಿ. ಅಲ್ಲೇ ಅವರದೇ ಅಂಗಡಿಯೂ ಇದೆ, ಹೋಗಿ ಕೈಯಲ್ಲಿ ಹಿಡಿದು ನೋಡಬಹುದು. ಈ ಕಂಪನಿಯವರು ಮೊದಲು ಮಾಡುತ್ತಿದ್ದುದು ಮಸೆಯುವ ಸಾಮಾನು. ಚಾಕು ಮಾಡಲು ಶುರು ಮಾಡಿದ್ದು 1981ರಲ್ಲಿ. ಚಾಕುವನ್ನು ಜೇಬಿನ ಅಂಚಿಗೆ ಸಿಕ್ಕಿಸಲು ಇವತ್ತು ಎಲ್ಲರ ಜೇಬಿನಲ್ಲೂ ಕಾಣುವ ಆ ಕ್ಲಿಪ್, ಒಂದೇ ಕೈಯಲ್ಲಿ ತೆರೆಯಲು ಅಲಗಿನಲ್ಲಿ ಒಂದು ದುಂಡನೆ ತೂತು, ಇವೆರಡೂ ಅವರ ಆ ಮೊದಲ ಚಾಕುವಿನಲ್ಲೇ ಇದ್ದವು. ಪ್ಯಾರಾ ಮಿಲಿಟರಿ 2 ಬಂದದ್ದು 2010ರಲ್ಲಿ. ಅದರ ಲಾಕ್, ಅಂದರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಭಾಗ, ಹಿಡಿಯ ಬೆನ್ನಿನ ಕಡೆ ಇರುತ್ತದೆ. ಹಾಗಾಗಿ ಮುಚ್ಚುವಾಗ ನಿಮ್ಮ ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ದಿನಕ್ಕೆ ನೂರು ಸಲ ತೆರೆದು ಮುಚ್ಚುವವರಿಗೆ ಇದು ಸಣ್ಣ ವಿಷಯ ಅಲ್ಲ. ಎರಡು ವರ್ಷ ಅದನ್ನೇ ಬಳಸಿದೆ. ಇವತ್ತಿಗೂ ಯಾರಾದರೂ 200 ಡಾಲರ್ ಒಳಗೆ ಕೆಲಸಕ್ಕೆ ಒಂದು ಚಾಕು ಹೇಳಿ ಅಂದರೆ ನಾನು ಹೇಳುವುದು ಅದನ್ನೇ.

ಮತ್ತೆ ಯಾಕೆ ಬೇರೆಯದು? ಎರಡು ಕಾರಣ. ಒಂದು, ಅದು ಜೇಬಿನಲ್ಲಿ ಅಗಲ. ಆ ತೂತಿಗೋಸ್ಕರ ಅಲಗು ಗೂನು ಬೆನ್ನಿನಂತೆ ಮೇಲೆದ್ದಿರುತ್ತದೆ, ರ್‍ಯಾಕಿನ ಕೆಳಗೆ ಮಲಗಿ ಕೆಲಸ ಮಾಡುವಾಗ ಸೊಂಟಕ್ಕೆ ಒತ್ತುತ್ತದೆ. ಎರಡನೆಯದು ನನ್ನ ಸ್ವಭಾವ. ನನಗೆ ಸಾಮಾನನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಜೋಡಿಸಬೇಕು. ಟೇಪಿನ ಅಂಟು, ರಟ್ಟಿನ ಪುಡಿ ಒಳಗೆ ಸೇರಿಕೊಂಡು ಅಲಗು ಕರಕರ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಕ್ರಿಸ್ ರೀವ್ ಅವರ ಸೆಬೆಂಜಾವನ್ನು ಬಿಚ್ಚಲೆಂದೇ ಮಾಡಿದ್ದಾರೆ ಅಂತ ಕೇಳಿದ್ದೆ.

ಇಲ್ಲಿ ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಅಸಲಿಯ ಬೆಲೆ ನೋಡಿ ಹೆದರಿ, ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನ ಹತ್ತಿರ 70 ಡಾಲರಿಗೆ ಸಿಕ್ಕಿದ ಒಂದನ್ನು ತರಿಸಿದೆ. ಹೆಸರು, ಗುರುತು, ಪೆಟ್ಟಿಗೆ ಎಲ್ಲಾ ಹಾಗೇ ಇತ್ತು. ನಕಲಿ. ಮೂರನೇ ವಾರ ಗಟ್ಟಿ ಪಟ್ಟಿಯೊಂದನ್ನು ಕುಯ್ಯುವಾಗ ಅಲಗು ಸಿಕ್ಕಿಕೊಂಡಿತು, ಅಲ್ಲಾಡಿಸಿ ಬಿಡಿಸಲು ಹೋದೆ, ಲಾಕ್ ಜಾರಿ ಅಲಗು ಬೆರಳ ಮೇಲೆ ಮಡಚಿಕೊಂಡಿತು. ಕೈಯಲ್ಲಿ ಅಲಗು ತಾಗಿದರೂ ಕೊಯ್ದುಹೋಗದ ಗ್ಲೌಸ್ ಇತ್ತು, ಬೆರಳು ಉಳಿಯಿತು. ಗ್ಲೌಸ್ ಇಲ್ಲದಿದ್ದರೆ ಇದನ್ನು ಟೈಪ್ ಮಾಡಲು ಬಹಳ ಕಷ್ಟ ಪಡುತ್ತಿದ್ದೆ. ಮಡಚುವ ಚಾಕುವಿನಲ್ಲಿ ಲಾಕ್ ಅನ್ನೋದು ಶೋಕಿ ಅಲ್ಲ. ಬೆಲೆ ತೀರಾ ಕಡಿಮೆ ಕಂಡರೆ ದಯವಿಟ್ಟು ಮುಂದೆ ಹೋಗಿ, ಕಂಪನಿ ಒಪ್ಪಿದ ಅಂಗಡಿಯಿಂದಲೇ ಕೊಳ್ಳಿ. ದುಡ್ಡು ಸಾಲದಿದ್ದರೆ ಕಡಿಮೆ ಬೆಲೆಯ ಅಸಲಿ ಚಾಕು ತಗೊಳ್ಳಿ, ಅದಕ್ಕೆ ಯಾವ ಕೊರತೆಯೂ ಇಲ್ಲ.

ಸೆಬೆಂಜಾ 31 ಎರಡು ಅಳತೆಯಲ್ಲಿ ಬರುತ್ತದೆ. ದೊಡ್ಡದರ ಅಲಗು 3.61 ಇಂಚು, ತೂಕ 133 ಗ್ರಾಂ. ಸಣ್ಣದರದು 2.99 ಇಂಚು, ತೂಕ 85 ಗ್ರಾಂ. ನನ್ನ ಕೈ ದೊಡ್ಡದು, ಅಂಗಡಿಯಲ್ಲಿ ಹಿಡಿದಾಗ ಮನಸ್ಸು ಹೋದದ್ದು ದೊಡ್ಡದರ ಮೇಲೆಯೇ. ಆದರೆ ಕೊಲರಾಡೋ ಕಾನೂನಿನಲ್ಲಿ ಮರೆಯಾಗಿ ಒಯ್ಯುವ ಚಾಕುವಿನ ಗಡಿ ಮೂರೂವರೆ ಇಂಚು. ಅದಕ್ಕಿಂತ ಉದ್ದದ ಅಲಗನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಓಡಾಡಿದರೆ ತೊಂದರೆಗೆ ಸಿಕ್ಕಿಕೊಳ್ಳಬಹುದು. ಪ್ಯಾರಾ ಮಿಲಿಟರಿ 2ರ ಅಲಗು 3.42 ಇಂಚು, ಗಡಿಯ ಒಳಗೆ. ದೊಡ್ಡ ಸೆಬೆಂಜಾ ಒಂದು ಕೂದಲೆಳೆಯಷ್ಟು ಹೊರಗೆ. ಹೀಗಾಗಿ ಸಣ್ಣದೇ ಸರಿ ಅಂದುಕೊಂಡೆ. ನಿಮ್ಮ ರಾಜ್ಯದ, ನಿಮ್ಮ ಊರಿನ ನಿಯಮ ಏನು ಅಂತ ಕೊಳ್ಳುವ ಮೊದಲೇ ನೋಡಿ, ಒಂದು ಊರಿಗೂ ಪಕ್ಕದ ಊರಿಗೂ ಬೇರೆ ಬೇರೆ ಇರುತ್ತದೆ. ಗಿರಾಕಿಗಳ ಕಟ್ಟಡದೊಳಗೆ ಕೆಲಸ ಮಾಡುವವರಾದರೆ ಅವರ ನಿಯಮವನ್ನೂ ಕೇಳಿ. ಮೂರು ಇಂಚಿನ ಒಳಗಿನ ಅಲಗಿಗೆ ಇದುವರೆಗೆ ನನಗೆ ಯಾವ ಸೆಕ್ಯೂರಿಟಿಯವರೂ ಬೇಡ ಅಂದಿಲ್ಲ.

ಚಾಕುವಿನ ಕಥೆ ಸ್ವಲ್ಪ ಹೇಳುತ್ತೇನೆ, ಅದು ಗೊತ್ತಿದ್ದರೆ ಯಾಕೆ ಹೀಗಿದೆ ಅಂತ ತಿಳಿಯುತ್ತದೆ. ಕ್ರಿಸ್ ರೀವ್ ದಕ್ಷಿಣ ಆಫ್ರಿಕಾದವರು. 1987ರಲ್ಲಿ ಅಲ್ಲೇ ಸೆಬೆಂಜಾ ಶುರು ಮಾಡಿದರು, 1989ರಲ್ಲಿ ಅಮೆರಿಕದ ಐಡಹೋ ರಾಜ್ಯದ ಬಾಯ್ಸಿ ಊರಿಗೆ ಬಂದರು. ಸೆಬೆಂಜಾ ಅಂದರೆ ಜುಲು ಭಾಷೆಯಲ್ಲಿ ಕೆಲಸ. ಈ ಹೆಸರೇ ನನ್ನನ್ನು ಮೊದಲು ಸೆಳೆದದ್ದು. ಅವರ ದೊಡ್ಡ ಕೊಡುಗೆ ಲಾಕ್‌ನದು. ಹಿಡಿಯ ಒಂದು ಬದಿಯ ಟೈಟಾನಿಯಂ ಹಲಗೆಯನ್ನೇ ಸೀಳಿ ಸ್ಪ್ರಿಂಗ್ ಮಾಡಿದ್ದಾರೆ. ಅಲಗು ತೆರೆದ ಕೂಡಲೇ ಆ ಹಲಗೆ ಒಳಗೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಬೇರೆ ಬಿಡಿಭಾಗ ಇಲ್ಲ. ನೀವು ಹಿಡಿಯನ್ನು ಗಟ್ಟಿಯಾಗಿ ಹಿಡಿದಷ್ಟೂ ಲಾಕ್ ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ನಿಮ್ಮ ಬೆರಳು ಒತ್ತುತ್ತಿರುವುದು ಲಾಕ್ ಮೇಲೆಯೇ. ಇವತ್ತು ಹತ್ತಾರು ಕಂಪನಿಗಳು ಬಳಸುವ ಫ್ರೇಮ್ ಲಾಕ್‌ನ ಮೂಲ ಇದೇ. ಮೆತ್ತನೆಯ ಟೈಟಾನಿಯಂ ಗಟ್ಟಿ ಉಕ್ಕಿಗೆ ತಿಕ್ಕಿ ಕಾಲಕ್ರಮೇಣ ಸವೆಯುತ್ತದೆ ಅಲ್ವಾ? ಅದಕ್ಕೆ 2019ರಲ್ಲಿ ಬಂದ 31ರಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಸೆರಾಮಿಕ್ ಗುಂಡು ಕೂರಿಸಿದ್ದಾರೆ. ನನ್ನದರಲ್ಲಿ ಲಾಕ್ ಮೊದಲ ದಿನ ಎಲ್ಲಿ ನಿಲ್ಲುತ್ತಿತ್ತೋ ಇವತ್ತೂ ಅಲ್ಲೇ ನಿಲ್ಲುತ್ತದೆ.

ಬಿಚ್ಚುವ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲೇ ಅಲೆನ್ ಕೀ, ಗ್ರೀಸ್, ಒರೆಸುವ ಬಟ್ಟೆ ಬರುತ್ತವೆ. ಅಂದರೆ ಬಿಚ್ಚಿ ಅಂತ ಅವರೇ ಹೇಳುತ್ತಿದ್ದಾರೆ. ಮೊದಲ ಸಲ ಬಿಚ್ಚಿದಾಗ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಒಂದೊಂದನ್ನೂ ಸಾಲಾಗಿ ಇಟ್ಟೆ. ಎರಡು ಟೈಟಾನಿಯಂ ಹಲಗೆ, ಅಲಗು, ಎರಡು ಕಂಚಿನ ವಾಷರ್, ಕೈಬೆರಳಲ್ಲಿ ಎಣಿಸುವಷ್ಟು ಸ್ಕ್ರೂ ಮತ್ತು ಗೂಟ. ಅಷ್ಟೇ. ಒರೆಸಿ ವಾಷರಿಗೆ ಒಂದು ಹನಿ ಗ್ರೀಸ್ ಹಚ್ಚಿ ಜೋಡಿಸಿದರೆ ಎಲ್ಲಾ ಮೊದಲಿದ್ದ ಹಾಗೇ ಕೂತಿತು, ಅಲಗು ಸರಿಯಾಗಿ ನಡುವೆ. ಈ ಹೊಂದಿಕೆ ಇದೆಯಲ್ಲ, ಕೂದಲಷ್ಟೂ ಅತ್ತ ಇತ್ತ ಆಗದ ಈ ಕೂರುವಿಕೆ, ನಾನು ದುಡ್ಡು ಕೊಟ್ಟದ್ದು ಇದಕ್ಕೆ. ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾಡುತ್ತೇನೆ, ಇಪ್ಪತ್ತು ನಿಮಿಷ. ಒಂದೇ ಎಚ್ಚರಿಕೆ, ಸಣ್ಣ ಸ್ಕ್ರೂಗಳನ್ನು ಜೋರಾಗಿ ಬಿಗಿಯಬೇಡಿ, ಬೆರಳ ತುದಿಯ ಬಲ ಸಾಕು.

ಕುಯ್ಯುವುದರಲ್ಲಿ ಹೇಗೆ? ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಜನ ಉಕ್ಕಿನ ಹೆಸರು ಕೇಳುತ್ತಾರೆ, ಅಲಗು ಎಷ್ಟು ತೆಳು ಅಂತ ಕೇಳುವುದಿಲ್ಲ. ಆದರೆ ಕುಯ್ಯುವುದು ತೆಳುವು. ಪ್ಯಾರಾ ಮಿಲಿಟರಿ 2ರ ಅಲಗು ಬೆನ್ನಿನಲ್ಲಿ 3.7 ಮಿಲಿಮೀಟರ್ ದಪ್ಪ, ಅಲ್ಲಿಂದ ಬಾಯಿಯವರೆಗೆ, ಅಂದರೆ ಕುಯ್ಯುವ ಅಂಚಿನವರೆಗೆ, ಸಪಾಟಾಗಿ ಇಳಿಯುತ್ತದೆ. ಸಣ್ಣ ಸೆಬೆಂಜಾದ ಬೆನ್ನು ಸುಮಾರು 3 ಮಿಲಿಮೀಟರ್, ಆದರೆ ಬದಿಗಳು ಒಳಗೆ ಬಾಗಿದಂತೆ ತೋಡಿರುತ್ತವೆ, ಸಾಣೆಗಾಲಿಯ ದುಂಡಿನ ಗುರುತು ಉಳಿದ ಹಾಗೆ. ಹೀಗಾಗಿ ಬಾಯಿಯ ಹತ್ತಿರ ಬಹಳ ತೆಳು. ಟೇಪು, ಪ್ಲಾಸ್ಟಿಕ್, ಪಟ್ಟಿ, ಹಗ್ಗ, ಮಧ್ಯಾಹ್ನ ಸೇಬು, ಇವೆಲ್ಲಾ ಬೆಣ್ಣೆಯಂತೆ. ಆದರೆ ಎರಡು ಪದರದ ದಪ್ಪ ರಟ್ಟನ್ನು ಉದ್ದಕ್ಕೆ ಸೀಳುವಾಗ ಅಲಗು ಪೂರ್ತಿ ಒಳಗಿಳಿದರೆ, ಬೆನ್ನಿನ ಕಡೆ ಒಮ್ಮೆಲೇ ದಪ್ಪವಾಗುವುದರಿಂದ ಅಲ್ಲಿ ಹಿಡಿಯುತ್ತದೆ. ಆ ಒಂದು ಕೆಲಸದಲ್ಲಿ ಪ್ಯಾರಾ ಮಿಲಿಟರಿ 2 ಮುಂದೆ. ಅರ್ಧಕ್ಕಿಂತ ಕಡಿಮೆ ಬೆಲೆಯ ಚಾಕು ಮುಂದೆ, ಹೌದು. 200 ಡಾಲರ್ ದಾಟಿದ ಮೇಲೆ ಕೊಡುವ ದುಡ್ಡಿಗೆ ಚಾಕು ಜಾಸ್ತಿ ಕುಯ್ಯುವುದಿಲ್ಲ. ಅದು ತಯಾರಿಕೆಯ ಹೊಂದಿಕೆಗೆ, ಬಾಳಿಕೆಗೆ, ಏನಾದರೂ ಆದರೆ ಕಳಿಸಿ ಸರಿ ಮಾಡಿಸಿಕೊಳ್ಳುವ ಸೌಕರ್ಯಕ್ಕೆ ಹೋಗುವ ದುಡ್ಡು. ಇದನ್ನು ತಿಳಿದುಕೊಂಡು ಕೊಂಡರೆ ಆಮೇಲೆ ಬೇಸರ ಆಗುವುದಿಲ್ಲ.

ಉಕ್ಕಿನ ಮಾತು ಪೂರ್ತಿ ಬಿಡಲೂ ಆಗದು. ಸೆಬೆಂಜಾದಲ್ಲಿ ವರ್ಷ ವರ್ಷಕ್ಕೆ ಉಕ್ಕು ಬದಲಾಗಿದೆ. 2001ರಲ್ಲಿ ಬಂದ ಎಸ್30ವಿ ಉಕ್ಕನ್ನು ರೂಪಿಸುವುದರಲ್ಲಿ ಕ್ರಿಸ್ ರೀವ್ ಅವರ ಕೈಯೂ ಇತ್ತು. ಆಮೇಲೆ ಎಸ್35ವಿಎನ್, ಎಸ್45ವಿಎನ್. ನನ್ನದು ಮ್ಯಾಗ್ನಾಕಟ್. ಇದು 2021ರಲ್ಲಿ ಬಂದ ಉಕ್ಕು, ಲ್ಯಾರಿನ್ ಥಾಮಸ್ ಎಂಬ ಲೋಹತಜ್ಞ ಚಾಕುವಿಗೆಂದೇ ರೂಪಿಸಿದ್ದು. ಸಾಮಾನ್ಯವಾಗಿ ತುಕ್ಕು ಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂನ ಒಂದು ಪಾಲು ಕಾರ್ಬನ್ ಜೊತೆ ಸೇರಿ ದಪ್ಪ ದಪ್ಪ ಹರಳಾಗಿಬಿಡುತ್ತದೆ. ಹರಳು ದಪ್ಪ ಇದ್ದರೆ ಬಾಯಿ ಚಕ್ಕೆ ಏಳುತ್ತದೆ, ಅದರಲ್ಲಿ ಸಿಕ್ಕಿಕೊಂಡ ಕ್ರೋಮಿಯಂ ತುಕ್ಕು ತಡೆಯಲು ಬರುವುದಿಲ್ಲ. ಮ್ಯಾಗ್ನಾಕಟ್‌ನಲ್ಲಿ ಆ ಕ್ರೋಮಿಯಂ ಹರಳುಗಳೇ ಇರದಂತೆ ಅಳತೆ ಹೊಂದಿಸಿದ್ದಾರೆ. ಸುಮಾರು 10.7 ಶೇಕಡಾ ಕ್ರೋಮಿಯಂ ಅಷ್ಟೇ ಇದ್ದರೂ ತುಕ್ಕು ತಡೆಯುವುದರಲ್ಲಿ ಅದು ಹೆಚ್ಚು ಕ್ರೋಮಿಯಂ ಇರುವ ಎಷ್ಟೋ ಉಕ್ಕುಗಳಿಗಿಂತ ಮೇಲು. ನನ್ನ ಕೆಲಸದಲ್ಲಿ ಎರಡು ವಾರ ಕಾಗದ ಕುಯ್ಯುವ ಹರಿತ ಉಳಿಯುತ್ತದೆ. ಆಮೇಲೂ ಕೆಲಸ ನಡೆಯುತ್ತದೆ, ಆದರೆ ನಾನು ಬಿಡುವುದಿಲ್ಲ, ಮಸೆಯುತ್ತೇನೆ.

ಮಸೆಯುವುದು ಬಹಳ ಮುಖ್ಯ, ಇದನ್ನು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ. ಇಂಥ ಉಕ್ಕಿನಲ್ಲಿ ವನೇಡಿಯಂನ ಹರಳುಗಳಿರುತ್ತವೆ. ಅವು ಮಾಮೂಲಿ ಮಸೆಯುವ ಕಲ್ಲಿಗಿಂತಲೂ ಗಟ್ಟಿ. ಕಲ್ಲಿನಲ್ಲಿ ಆಗುವುದೇ ಇಲ್ಲ ಅಂತಲ್ಲ, ಹೊತ್ತು ಹಿಡಿಯುತ್ತದೆ, ಬಾಯಿ ಅಷ್ಟು ಚೆನ್ನಾಗಿ ಏಳುವುದಿಲ್ಲ. ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ಒಂದು ಇಟ್ಟುಕೊಳ್ಳಿ, ಮೇಲೆ ತೊಗಲಿನ ಪಟ್ಟಿಯಲ್ಲಿ ಹತ್ತು ಸಲ ಎಳೆಯಿರಿ. ನಾನು ವಾರದ ಮಧ್ಯೆ ಸ್ಪೈಡರ್ಕೋ ಅವರದೇ ಸೆರಾಮಿಕ್ ಕಡ್ಡಿಗಳಲ್ಲಿ ಐದು ನಿಮಿಷ ತೀಡುತ್ತೇನೆ, ಮೊಂಡಾದ ಮೇಲೆ ಮಸೆಯುವುದಕ್ಕಿಂತ ಮೊಂಡಾಗಲು ಬಿಡದಿರುವುದು ಸುಲಭ. ಒಮ್ಮೆ ಮಾತ್ರ ಸೋಮಾರಿತನದಿಂದ ಸಾಣೆ ಹಿಡಿಯುವ ಒಂದು ಅಂಗಡಿಗೆ ಕೊಟ್ಟೆ. ಬೆಲ್ಟ್ ಮೆಷಿನ್ನಿಗೆ ಹಿಡಿದು ತುದಿಯನ್ನು ದುಂಡಗೆ ಮಾಡಿ ಕೊಟ್ಟರು. ಅದನ್ನು ಸರಿಪಡಿಸಲು ನನಗೆ ಮೂರು ಸಂಜೆ ಹಿಡಿಯಿತು, ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟ ಆಗದ್ದು ಏನೂ ಇಲ್ಲವಾ ಅಂದರೆ, ಇದೆ. ಟೈಟಾನಿಯಂ ಹಿಡಿ ಒದ್ದೆ ಕೈಯಲ್ಲಿ, ಬೆವರಿನಲ್ಲಿ ಜಾರುತ್ತದೆ, ಸ್ಪೈಡರ್ಕೋದ ಒರಟು ಜಿ-10 (ಗಾಜಿನ ನಾರು, ರಾಳ ಸೇರಿಸಿ ಮಾಡಿದ ಹಲಗೆ) ಹಿಡಿಯ ಭರವಸೆ ಇದರಲ್ಲಿಲ್ಲ. ತೆರೆಯುವುದು ನಿಧಾನ, ಹೆಬ್ಬೆರಳಿನಿಂದ ಅಲಗಿನ ಮೇಲಿನ ಗುಬಟು ಒತ್ತಿ ತಳ್ಳಬೇಕು, ಮೊದಲ ಎರಡು ವಾರ ಹೆಬ್ಬೆರಳು ನೋಯುತ್ತದೆ. ಗ್ಲೌಸ್ ಹಾಕಿಕೊಂಡು ತೆರೆಯಲು ಆ ದುಂಡು ತೂತೇ ಚೆನ್ನ. ಮತ್ತೆ, ಲಾಕ್ ಬಿಡಿಸುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ಅಭ್ಯಾಸ ಆಗುವವರೆಗೆ ನೋಡಿಕೊಂಡು ಮುಚ್ಚಬೇಕು. ಎಡಗೈಯವರಿಗೆ ಬೇರೆ ಮಾಡಿ ಕೊಡುತ್ತಾರೆ, ಅದನ್ನೇ ಕೇಳಿ ತಗೊಳ್ಳಿ, ಬಲಗೈಯದರಲ್ಲಿ ಹೊಂದಿಕೊಳ್ಳಲು ಒದ್ದಾಡಬೇಡಿ.

ಇನ್ನು, ಯಾವ ಒಳ್ಳೇ ಚಾಕುವಿದ್ದರೂ ಬ್ಲೇಡ್ ಬದಲಾಯಿಸುವ ಹತ್ತು ಡಾಲರಿನ ಕಟರ್ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಜಿಪ್ಸಮ್ ಹಲಗೆ, ಅಂಟು ಮೆತ್ತಿದ ಕಾರ್ಪೆಟ್, ಮೊಳೆ ಇರಬಹುದಾದ ಜಾಗ, ಇವೆಲ್ಲಾ ಅದಕ್ಕೆ. ಕೇಬಲ್ ಕಟ್ಟುವ ಪ್ಲಾಸ್ಟಿಕ್ ಜಿಪ್ ಟೈಗೆ ಕಟಿಂಗ್ ಪ್ಲೇಯರ್. ಚಾಕುವಿನ ತುದಿ ತೂರಿಸಿ ಜಿಪ್ ಟೈ ಎತ್ತಿದರೆ ಒಂದಲ್ಲ ಒಂದು ದಿನ ಪಕ್ಕದ ಕೇಬಲ್ ಕುಯ್ಯುತ್ತೀರಿ. ಚಾಕುವಿನಿಂದ ಸ್ಕ್ರೂ ತಿರುಗಿಸುವುದು, ಮುಚ್ಚಳ ಮೀಟುವುದು ಬೇಡವೇ ಬೇಡ.

ಜೇಬಿಗೆ ಭಾರವೇ ಆಗಬಾರದು ಅನ್ನುವವರು ಬೆಂಚ್‌ಮೇಡ್ ಬಗ್‌ಔಟ್ ನೋಡಬಹುದು, 52 ಗ್ರಾಂ ಅಷ್ಟೇ, ಎರಡೂ ಕೈಯಲ್ಲಿ ಒಂದೇ ಥರ ತೆರೆಯುತ್ತದೆ, ಮುಚ್ಚುತ್ತದೆ. ನನ್ನ ಜೊತೆಯವರೊಬ್ಬರು ಅದನ್ನೇ ಬಳಸುತ್ತಾರೆ. ನನಗೆ ಅದರ ಹಿಡಿ ಕೈ ತುಂಬಲಿಲ್ಲ. ಮನೆಗೆ, ಹಣ್ಣಿಗೆ, ಪ್ರವಾಸಕ್ಕೆ ಆದರೆ ಫ್ರಾನ್ಸಿನ ಒಪಿನೆಲ್ 8ನೇ ನಂಬರ್, ಮರದ ಹಿಡಿಯದು, ತಗೊಂಡು ನೆಮ್ಮದಿಯಾಗಿರಿ. ಅದರ ಅಲಗು ಎಷ್ಟು ತೆಳು ಅಂದರೆ, ಸೇಬು ಕುಯ್ಯುವುದರಲ್ಲಿ ನನ್ನ ಸೆಬೆಂಜಾವನ್ನೂ ಮೀರಿಸುತ್ತದೆ.

ಹೋದ ಜುಲೈಯಲ್ಲಿ ಊರಿಗೆ ಹೋದಾಗ ಸೆಬೆಂಜಾವನ್ನೂ ಒಯ್ದಿದ್ದೆ, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲಿ ಸುತ್ತಿಟ್ಟು. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲೇ ಬಿಟ್ಟುಬರಬೇಕಾಗುತ್ತದೆ, ನೆನಪಿರಲಿ. ಭಾರತದ ನಿಯಮದಲ್ಲಿ ಲೈಸೆನ್ಸ್ ಬೇಕಾಗುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ, ಮನೆ, ಹೊಲ, ಕಾರ್ಖಾನೆ ಕೆಲಸದ ಕತ್ತಿಗಳನ್ನು ಬಿಟ್ಟು. ಇದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಪೇಟೆಯಲ್ಲಿ, ಬಸ್ಸಿನಲ್ಲಿ ಜೇಬಲ್ಲಿಟ್ಟುಕೊಂಡು ತಿರುಗಲಿಲ್ಲ, ಮನೆ ಮತ್ತು ತೋಟದಲ್ಲಿ ಮಾತ್ರ ಬಳಸಿದೆ. ಮೂರು ವಾರ ಬಿಡದೆ ಮಳೆ. ಮನೆಯ ಮೆಟ್ಟುಗತ್ತಿಗಳಿಗೆಲ್ಲಾ ಎಣ್ಣೆ ಸವರಿ ಅಟ್ಟದ ಮೇಲೆ ಇಟ್ಟಿದ್ದರು. ಇದು ಒದ್ದೆ ಜೇಬಿನಲ್ಲೇ ಇತ್ತು, ಒಂದು ಚುಕ್ಕೆ ತುಕ್ಕೂ ಬರಲಿಲ್ಲ.

ದೊಡ್ಡಪ್ಪನ ಕೈಗೆ ಕೊಟ್ಟೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹೆಬ್ಬೆರಳನ್ನು ಅಲಗಿನ ಬಾಯಿಗೆ ಅಡ್ಡಲಾಗಿ ಮೆಲ್ಲಗೆ ಆಡಿಸಿದರು, ಎರಡು ಸಲ ತೆರೆದು ಮುಚ್ಚಿದರು, ಒಂದು ಹಸಿ ಅಡಿಕೆ ತರಿಸಿಕೊಂಡು ಸಿಪ್ಪೆ ಸಮೇತ ಎರಡು ಹೋಳು ಮಾಡಿದರು. ಬೆಲೆ ಕೇಳಲಿಲ್ಲ. "ಇದನ್ನ ಯಾವ ಕಲ್ಲಲ್ಲಿ ಮಸೀತೀಯ?" ಅಂದರು. ಡೈಮಂಡ್ ಪ್ಲೇಟಿನ ಬಗ್ಗೆ ಹೇಳಿದೆ. ಮೆಟ್ಟುಗತ್ತಿಗೂ ಆಗುತ್ತದಾ ಅಂತ ಕೇಳಿದರು. ಆಗುತ್ತದೆ ದೊಡ್ಡಪ್ಪ ಅಂದೆ. ಡಿಸೆಂಬರಿಗೆ ಮತ್ತೆ ಹೋಗುತ್ತಿದ್ದೇನೆ, ಅಷ್ಟರಲ್ಲಿ ಸುಲಿಯುವ ಕೆಲಸ ಶುರುವಾಗಿರುತ್ತದೆ. ದೊಡ್ಡ ಅಳತೆಯ ಎರಡು ಪ್ಲೇಟ್ ಈಗಲೇ ಕೊಂಡು ಸೂಟ್‌ಕೇಸಿನಲ್ಲಿ ಹಾಕಿದ್ದೇನೆ, ಒಂದು ದಪ್ಪ ಹರಳಿನದು, ಒಂದು ನುಣುಪಿನದು.